ಚಿಕ್ಕಪೇಟೆಗೆ ಅಮ್ಮನನ್ನು ಕರೆದುಕೊಂಡು ಹೋದರೆ ಶೌಚಾಲಯ ಎಲ್ಲಿ ಸಿಗುತ್ತೆ?

ಮದುವೆ ಸೀರೆಗೆ ಅಮ್ಮನನ್ನು ಬೆಂಗಳೂರಿನ ಚಿಕ್ಕಪೇಟೆಗೆ ಕರೆದುಕೊಂಡು ಹೋಗಬೇಕು, ಅವರಿಗೆ ಸಕ್ಕರೆ ಕಾಯಿಲೆ, ಅಲ್ಲಿ ಶೌಚಾಲಯ ಹುಡುಕುವುದು ಹೇಗೆ, ಇವು ಸುಧಾರಿಸಲು ನಾವೇನು ಮಾಡಬಹುದು ಅಂತ ಕೇಳಿದ್ದೀರಿ. ನಾನು ಹನ್ನೆರಡು ವರ್ಷದಿಂದ ಅದೇ ಬೀದಿಗಳಲ್ಲಿ ಪಿಗ್ಮಿ ಕಲೆಕ್ಷನ್ ಮಾಡುತ್ತಿದ್ದೇನೆ. ಅವೆನ್ಯೂ ರಸ್ತೆ, ಬಳೇಪೇಟೆ, ಕಾಟನ್‌ಪೇಟೆ ಎಲ್ಲಾ ಸೇರಿ ದಿನಕ್ಕೆ ಅರವತ್ತು ಅಂಗಡಿ. ಈ ಪ್ರಶ್ನೆ ನನಗೆ ದಿನಾ ಇದ್ದದ್ದೇ.

ಮೊದಲು ಒಂದು ಮಾತು. ಅಮ್ಮನಿಗೆ ನೀರು ಕಡಿಮೆ ಕುಡಿ ಅಂತ ಮಾತ್ರ ಹೇಳಬೇಡಿ. ಶುರುವಿನಲ್ಲಿ ನಾನೂ ಅದನ್ನೇ ಮಾಡಿದೆ. ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದರೆ ಆಮೇಲೆ ಮನೆ ಸೇರುವವರೆಗೆ ಒಂದು ಗುಟುಕೂ ಇಲ್ಲ. ಕೊನೆಗೆ ಉರಿಮೂತ್ರ, ಚಳಿಜ್ವರ ಬಂದು ಒಂದು ವಾರ ಮಲಗಿದೆ. ಸಕ್ಕರೆ ಇರುವವರಿಗೆ ಆ ಸೋಂಕು ಇನ್ನೂ ಬೇಗ ಆಗುತ್ತದೆ.

ಮೆಟ್ರೋದಲ್ಲಿ ಬನ್ನಿ. ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಸ್ಟೇಷನ್ನೇ ಇದೆ. ಮೇಲೆ ಹತ್ತುವ ಮುಂಚೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ ಶೌಚಾಲಯಕ್ಕೆ ಹೋಗಿಬಿಡಿ. ಈಗ ಬೇಡ ಅಂತ ಅಮ್ಮ ಅಂದರೂ ಕರೆದುಕೊಂಡು ಹೋಗಿ. ಬಸ್ಸಿನಲ್ಲಿ ಬಂದರೆ ಮೆಜೆಸ್ಟಿಕ್‌ನಲ್ಲೇ ಮುಗಿಸಿಕೊಳ್ಳಿ. ಸೀರೆಗೆ ಎರಡು ಮೂರು ಮಹಡಿಯ ಅಂಗಡಿಯನ್ನೇ ಆರಿಸಿ. ಅಲ್ಲಿ ಕೆಲಸದವರಿಗೆ ಅಂತ ಶೌಚಾಲಯ ಇರುತ್ತೆ. ಗಲ್ಲಾದಲ್ಲಿ ಕೂತವರನ್ನಲ್ಲ, ಸೀರೆ ಬಿಡಿಸಿ ತೋರಿಸುವ ಹೆಣ್ಣುಮಗಳನ್ನು ಮೆಲ್ಲಗೆ ಕೇಳಿ. ನನಗೆ ಅವರು ಇಲ್ಲ ಅಂದದ್ದು ಕಡಿಮೆ.

ಬೀದಿಯಲ್ಲಿದ್ದಾಗ ಗೂಗಲ್ ಮ್ಯಾಪ್ ನೋಡಬಹುದು. ಆದರೆ ಮ್ಯಾಪಿನಲ್ಲಿ ಗುರುತು ಇದ್ದರೂ ಬಾಗಿಲಿಗೆ ಬೀಗ ಬಿದ್ದಿರಬಹುದು. ಅದಕ್ಕಿಂತ ಹೂ ಮಾರುವ ಅಕ್ಕನನ್ನು ಕೇಳಿ. ಬೆಳಗಿನಿಂದ ಅಲ್ಲೇ ಕೂತಿರುತ್ತಾರೆ. ಯಾವುದು ತೆರೆದಿದೆ, ಯಾವುದರಲ್ಲಿ ನೀರಿಲ್ಲ, ಎಲ್ಲ ಅವರಿಗೆ ಗೊತ್ತು. ‘ಸುಲಭ್ ಎಲ್ಲಿದೆ’ ಅಂದರೆ ಸಾಕು. 1974ರಲ್ಲಿ ಪಾಟ್ನಾದಲ್ಲಿ ಬಿಂದೇಶ್ವರ ಪಾಠಕ್ ಅವರ ಸುಲಭ್ ಸಂಸ್ಥೆ ಕಾಸು ಕೊಟ್ಟು ಬಳಸುವ ಶೌಚಾಲಯ ಶುರುಮಾಡಿತು. ಈಗ ಯಾರು ಕಟ್ಟಿಸಿದ್ದಾದರೂ ಜನರ ಬಾಯಲ್ಲಿ ಅದಕ್ಕೆ ‘ಸುಲಭ್’ ಅಂತಲೇ ಹೆಸರು.

ಚಿಲ್ಲರೆ ಇಟ್ಟುಕೊಳ್ಳಿ. ಬಹಳ ಕಡೆ ಗಂಡಸರು ಒಂದಕ್ಕೆ ಹೋದರೆ ದುಡ್ಡಿಲ್ಲ, ಹೆಂಗಸರು ಒಂದಕ್ಕೆ ಹೋದರೂ ದುಡ್ಡು. ಇದು ನನಗೆ ಇವತ್ತಿಗೂ ಸಹಿಸಲಾಗದ ಅನ್ಯಾಯ. ಮುಂಬೈನಲ್ಲಿ ಹೆಂಗಸರು 2011ರಲ್ಲಿ ‘ರೈಟ್ ಟು ಪೀ’ ಅಂತ ಹೋರಾಟ ಶುರುಮಾಡಿದ್ದು ಇದಕ್ಕೇ. ಇಡೀ ದಿನ ಬೀದಿಯಲ್ಲಿ ಸೊಪ್ಪು ಮಾರುವವಳು ಮೂರು ಸಲ ಐದೈದು ರೂಪಾಯಿ ಕೊಟ್ಟರೆ ಅವಳಿಗೆ ಉಳಿಯೋದೇನು?

ಇನ್ನು ಸುಧಾರಿಸುವ ವಿಷಯ. ನಾನು ದಿನಾ ಹೋಗುವ ಒಂದು ಶೌಚಾಲಯದಲ್ಲಿ ಹೆಂಗಸರ ಕಡೆ ಮೂರು ಬಾಗಿಲು. ನಡುವಿನದಕ್ಕೆ ಚಿಲಕ ಇರಲಿಲ್ಲ. ಚಿಲಕದ ಜಾಗದಲ್ಲಿ ಎರಡು ತೂತು, ಅದರಲ್ಲಿ ಹಳೇ ದುಪಟ್ಟಾದ ಚೂರು ಕಟ್ಟಿತ್ತು. ಒಂದು ಕೈಯಲ್ಲಿ ಅದನ್ನು ಎಳೆದು ಹಿಡಿದುಕೊಂಡೇ ಕೂರಬೇಕು. ವಯಸ್ಸಾದವರು ಹೇಗೆ ಕೂರುತ್ತಾರೆ ಹೇಳಿ. ಬಾಗಿಲಲ್ಲಿ ಕೂರುವ ಅಕ್ಕ ಮೇಲಿನವರಿಗೆ ಹೇಳಿ ಹೇಳಿ ಸಾಕಾಗಿದ್ದರು. ಕೊನೆಗೆ ನಾನೇ ಒಂದು ಚಿಲಕ, ನಾಲ್ಕು ಸ್ಕ್ರೂ ತಂದೆ. ನನ್ನ ಪಿಗ್ಮಿ ಗಿರಾಕಿಯೊಬ್ಬರು, ಹಾರ್ಡ್‌ವೇರ್ ಅಂಗಡಿಯವರು, ಹುಡುಗನನ್ನು ಕಳಿಸಿ ಹತ್ತೇ ನಿಮಿಷದಲ್ಲಿ ಹಾಕಿಸಿಕೊಟ್ಟರು. ಅವತ್ತು ಆ ಅಕ್ಕ ಒಳಗೆ ಹೋಗಿ ಮೂರು ನಾಲ್ಕು ಸಲ ಚಿಲಕ ಹಾಕಿ ತೆಗೆದು ನೋಡಿದರು.

ಅದಾದ ಮೇಲೆ ನನಗೆ ಅನ್ನಿಸಿದ್ದು, ಶೌಚಾಲಯ ಕಟ್ಟುವುದಕ್ಕಿಂತ ಅದನ್ನು ದಿನಾ ನೋಡಿಕೊಳ್ಳೋರು ಇರಬೇಕು. ಕಾಯಿನ್ ಹಾಕಿದರೆ ಬಾಗಿಲು ತೆರೆಯುವ ಇ-ಟಾಯ್ಲೆಟ್‌ಗಳನ್ನು ನೋಡಿದ್ದೀರಲ್ವಾ? ಅಲ್ಲಿ ಆಳೇ ಇಲ್ಲ. ಕೆಟ್ಟರೆ ಕೇಳೋರೂ ಇಲ್ಲ. ಅದೇ ಬಾಗಿಲಲ್ಲಿ ಒಬ್ಬರು ಕೂತಿದ್ದರೆ ಅವರಿಗೆ ಸರಿಯಾದ ಸಂಬಳ, ಕೈಗವಸು, ಫಿನಾಯಿಲ್ ಕೊಡಿ ಅಂತ ನಾವು ಗಟ್ಟಿಯಾಗಿ ಕೇಳಬಹುದು. ಅವರಿಗೆ ಮೂಗು ಮುರಿದು ಹೋಗುವ ಬದಲು ಹೆಸರು ಕೇಳಿ, ಏನು ಕೆಟ್ಟಿದೆ ಅಂತ ಅವರಿಂದಲೇ ತಿಳಿದುಕೊಳ್ಳಿ.

ದೂರು ಕೊಡುವಾಗ ‘ಗಲೀಜಾಗಿದೆ’ ಅಂತ ಸುಮ್ನೆ ಬರೆಯಬೇಡಿ. ‘ಹೆಂಗಸರ ಕಡೆ ಎರಡನೇ ಬಾಗಿಲು, ನಲ್ಲಿಯಲ್ಲಿ ನೀರಿಲ್ಲ’ ಅಂತ ಬರೆಯಿರಿ. ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ ದೂರಿನ ನಂಬರ್ ಗುರುತು ಹಾಕಿಕೊಳ್ಳಿ. ಕೇಂದ್ರ ಸರ್ಕಾರದ ಸ್ವಚ್ಛತಾ ಆ್ಯಪ್‌ನಲ್ಲಿ ನೀರಿಲ್ಲ, ಕರೆಂಟಿಲ್ಲ, ಕಟ್ಟಿಕೊಂಡಿದೆ ಅಂತ ಬೇರೆ ಬೇರೆ ಆಯ್ಕೆಗಳೇ ಇವೆ, ಫೋಟೋ ಹಾಕಬಹುದು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗಕ್ಕೆ ಐದು ಪಾಲಿಕೆಗಳು ಬಂದಿವೆ, ಹಾಗಾಗಿ ನಿಮ್ಮ ಜಾಗ ಯಾವುದಕ್ಕೆ ಸೇರುತ್ತೆ ಅಂತಲೂ ಕೇಳಿಕೊಳ್ಳಿ. ಒಬ್ಬರೇ ಕೊಟ್ಟರೆ ನಿಧಾನ. ನಾವು ಆರು ಜನ ಒಂದೇ ವಾರ ಒಂದೇ ನಲ್ಲಿಯ ಬಗ್ಗೆ ದೂರು ಕೊಟ್ಟಾಗ ಮೋಟಾರ್ ರಿಪೇರಿ ಆಯಿತು.

ಅಮ್ಮನ ಜೊತೆ ಬೆಳಿಗ್ಗೆ ಹನ್ನೊಂದರ ಒಳಗೆ ಬನ್ನಿ, ಆಗ ರಶ್ ಕಡಿಮೆ. ಬ್ಯಾಗಿನಲ್ಲಿ ಒಂದು ಬಾಟಲಿ ನೀರು ಜಾಸ್ತಿ ಇರಲಿ, ಸಣ್ಣ ಸೋಪು, ಕರವಸ್ತ್ರ ಇರಲಿ. ಒಳಗೆ ಹೋಗುವಾಗ ಅವರ ಬ್ಯಾಗನ್ನು ನೀವು ಹಿಡಿದುಕೊಳ್ಳಿ. ತೂಗುಹಾಕಲು ಒಳಗೆ ಮೊಳೆ ಇರುವುದಿಲ್ಲ.