ಫ್ಲೋ ಸೆನ್ಸರ್‌ನಿಂದ ನೀರಿನ ಹರಿವು ಅಳೆಯಲು 16 ಬಿಟ್ ಟೈಮರ್ ಸಾಲುತ್ತಿಲ್ಲ, 32 ಬಿಟ್ ಟೈಮರ್ ಇರುವ ಚಿಪ್ ತೆಗೆದುಕೊಳ್ಳಲಾ?

ಬೇಡ, ಚಿಪ್ ಬದಲಿಸಬೇಡಿ. ಈಗಿರುವ ಎಸ್‌ಟಿಎಂ32ಎಫ್103 ಮೈಕ್ರೊಕಂಟ್ರೋಲರ್ ಚಿಪ್‌ನಲ್ಲೇ ಓವರ್‌ಫ್ಲೋ (ಎಣಿಕೆ ತುದಿ ಮುಟ್ಟಿ ಮತ್ತೆ ಸೊನ್ನೆಗೆ ಬರುವುದು) ಎಣಿಸಿ 32 ಬಿಟ್ ಮಾಡಿಕೊಳ್ಳಲಾ, ಇಲ್ಲ ಅದೇ ಕುಟುಂಬದ ಎಫ್4 ಚಿಪ್‌ಗೆ ಹೋಗಲಾ ಎಂದು ಕೇಳಿದ್ದೀರಿ. ನಾನು ಓವರ್‌ಫ್ಲೋ ಎಣಿಸುವ ದಾರಿ ಹಿಡಿದವನು. ಅದರಿಂದ ಬದಿಯಡ್ಕದ ಹತ್ತಿರ ಒಂದು ಅಡಿಕೆ ತೋಟ ಏಪ್ರಿಲ್ ಬಿಸಿಲಿನಲ್ಲಿ ನೀರಿಲ್ಲದೆ ನಿಂತಿತು.

ತೋಟ ನನ್ನ ಸೋದರಮಾವನದು. ಗುಡ್ಡದ ಮುರಕಲ್ಲು ಕೊರೆದ ಸುರಂಗದಿಂದ ನೀರು ಬಂದು ಟ್ಯಾಂಕಿಗೆ ಬೀಳುತ್ತದೆ. ಅಲ್ಲಿಂದ ಮೋಟಾರ್ ಅದನ್ನು ಸ್ಪ್ರಿಂಕ್ಲರ್‌ಗೆ ಕೊಡುತ್ತದೆ. ಕಾಸರಗೋಡಿನ ಈ ಕಡೆಯವರಿಗೆ ಗೊತ್ತು, ಮಾರ್ಚ್ ಕಳೆದರೆ ಸುರಂಗದ ನೀರು ತುಂಬ ಸಣ್ಣಗಾಗುತ್ತದೆ. ಟ್ಯಾಂಕ್ ಬರಿದಾದ ಮೇಲೂ ಮೋಟಾರ್ ಓಡುತ್ತಿದ್ದರೆ ಮೊದಲು ಸೀಲ್ ಹೋಗುತ್ತದೆ, ಆಮೇಲೆ ವೈಂಡಿಂಗ್ ಸುಡುತ್ತದೆ. ಮಾವ ವಾರದಲ್ಲಿ ಹೆಚ್ಚಿನ ದಿನ ಮಂಗಳೂರಿನಲ್ಲಿರುತ್ತಾರೆ. "ನೀರು ನಿಂತ ಕೂಡಲೇ ಮೋಟಾರ್ ತಾನೇ ಆಫ್ ಆಗುವ ಹಾಗೆ ಏನಾದರೂ ಮಾಡಿಕೊಡ್ತೀಯಾ?" ಎಂದು ಕೇಳಿದರು. ನಾನು ಖುಷಿಯಿಂದ ಒಪ್ಪಿಕೊಂಡೆ.

ಮೋಟಾರಿನ ಪೈಪಿನಿಂದ ಅರ್ಧ ಇಂಚಿನ ಕವಲು ತೆಗೆದು, ಅದರಲ್ಲಿ ವೈಎಫ್-ಎಸ್201 ಫ್ಲೋ ಸೆನ್ಸರ್ ಕೂರಿಸಿದೆ. ನೀವೂ ಅದನ್ನೇ ಹಾಕಿದ್ದೀರಿ ಅಲ್ವಾ? ಒಳಗೆ ಒಂದು ಚಕ್ರ, ಅದರಲ್ಲಿ ಅಯಸ್ಕಾಂತ, ಹೊರಗೆ ಅಯಸ್ಕಾಂತ ಹಾದಾಗಲೆಲ್ಲ ಒಂದು ವಿದ್ಯುತ್ ಪಲ್ಸ್ ಕೊಡುವ ಹಾಲ್ ಸೆನ್ಸರ್. ನಿಮಿಷಕ್ಕೆ 1 ಲೀಟರ್ ಹರಿದರೆ ಸೆಕೆಂಡಿಗೆ 7.5 ಪಲ್ಸ್. 20 ಲೀಟರ್ ಹರಿದರೆ 150 ಪಲ್ಸ್. ಎರಡು ಪಲ್ಸ್‌ಗಳ ನಡುವಿನ ಹೊತ್ತನ್ನು ಟೈಮರ್‌ನ ಇನ್‌ಪುಟ್ ಕ್ಯಾಪ್ಚರ್‌ನಿಂದ (ಪಲ್ಸ್ ಬಂದ ಕ್ಷಣದ ಎಣಿಕೆಯನ್ನು ಹಾರ್ಡ್‌ವೇರ್ ಹಿಡಿದಿಡುವುದು) ಅಳೆಯುವುದು, ಅದು 200 ಮಿಲಿಸೆಕೆಂಡ್ ಮೀರಿದರೆ ನೀರಿಲ್ಲ ಎಂದು ಸ್ಟಾರ್ಟರ್ ಬಿಡಿಸಿ ಮೋಟಾರ್ ನಿಲ್ಲಿಸುವುದು. ಒಮ್ಮೆ ಬಿಟ್ಟರೆ ಯಾರಾದರೂ ಹೋಗಿ ಹಸಿರು ಬಟನ್ ಒತ್ತುವವರೆಗೆ ಮೋಟಾರ್ ಮತ್ತೆ ಓಡಬಾರದು. ಇದಿಷ್ಟು ಯೋಜನೆ. ಜೊತೆಗೆ ಒಂದು ಜಿಎಸ್‌ಎಂ ಮಾಡ್ಯೂಲ್. ಮಾವ ಎಸ್‌ಎಂಎಸ್ ಕಳಿಸಿದರೆ ಮೋಟಾರ್ ಓಡುತ್ತಿದೆಯಾ ಇಲ್ಲವಾ ಎಂದು ಉತ್ತರ ಹೋಗುತ್ತದೆ.

ಇಲ್ಲಿ ನಾನೂ ನಿಮ್ಮ ಹಾಗೇ ಯೋಚಿಸಿದೆ. ಟೈಮರ್‌ಗೆ 72 ಮೆಗಾಹರ್ಟ್ಸ್ ಕ್ಲಾಕ್ ಬರುತ್ತದೆ. ಆ ವೇಗವನ್ನು ಭಾಗಿಸುವ ಪ್ರಿಸ್ಕೇಲರ್‌ನಿಂದ ಅದನ್ನು 1 ಮೆಗಾಹರ್ಟ್ಸ್‌ಗೆ ಇಳಿಸಿದೆ, ಅಂದರೆ ಒಂದೊಂದು ಎಣಿಕೆಗೂ 1 ಮೈಕ್ರೊಸೆಕೆಂಡ್. 16 ಬಿಟ್ ಕೌಂಟರ್ 65,535 ಮುಟ್ಟಿ ಮತ್ತೆ ಸೊನ್ನೆಗೆ ಬರುತ್ತದೆ, ಸುಮಾರು 65.5 ಮಿಲಿಸೆಕೆಂಡಿಗೆ ಒಂದು ಸುತ್ತು. ನೀರು ನಿಧಾನವಾದಾಗ ಪಲ್ಸ್‌ಗಳ ಅಂತರ 133 ಮಿಲಿಸೆಕೆಂಡ್. ಸಾಲುವುದಿಲ್ಲ. ಹಾಗಾಗಿ ಓವರ್‌ಫ್ಲೋ ಆದಾಗಲೆಲ್ಲ ಒಂದು ವೇರಿಯಬಲ್ ಹೆಚ್ಚಿಸಿ, ಅದನ್ನು ಮೇಲಿನ 16 ಬಿಟ್ ಎಂದು ಇಟ್ಟುಕೊಂಡೆ. ಕ್ಯಾಪ್ಚರ್ ಆದ ಸಂಖ್ಯೆ ಕೆಳಗಿನ 16 ಬಿಟ್. ಎಲ್ಲ ಕಡೆ ಹೀಗೇ ಹೇಳಿಕೊಡುತ್ತಾರೆ. ಮೇಜಿನ ಮೇಲೆ ಎಷ್ಟು ಹೊತ್ತು ಓಡಿಸಿದರೂ ಒಂದು ತಪ್ಪೂ ಬರಲಿಲ್ಲ.

ತೋಟದಲ್ಲಿ ಹಾಕಿದ ಮೇಲೆ, ಟ್ಯಾಂಕ್ ತುಂಬಿದ್ದಾಗಲೇ ಮೋಟಾರ್ ನಿಲ್ಲತೊಡಗಿತು. ವಾರಕ್ಕೊಮ್ಮೆ ಆಗಬಹುದು, ಒಂದೇ ರಾತ್ರಿ ಎರಡು ಸಲವೂ ಆಗಬಹುದು. ಮಾವ ಒಂದು ವಿಷಯ ಗಮನಿಸಿ ಹೇಳಿದರು: ಎಸ್‌ಎಂಎಸ್ ಕಳಿಸಿದ ರಾತ್ರಿಗಳಲ್ಲೇ ಇದು ಜಾಸ್ತಿ. ಅದು ಸರಿಯಾದ ಸುಳಿವು. ನಾನು ಅದನ್ನು ತಪ್ಪು ದಿಕ್ಕಿಗೆ ಎಳೆದೆ. ಜಿಎಸ್‌ಎಂ ಮಾಡ್ಯೂಲ್ ಮಾತಾಡುವಾಗ ಒಮ್ಮೊಮ್ಮೆ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಸಪ್ಲೈ ಕುಸಿಯುತ್ತಿದೆ ಎಂದು ದೊಡ್ಡ ಕೆಪಾಸಿಟರ್ ಹಾಕಿದೆ. ಸೆನ್ಸರ್ ಬದಲಿಸಿದೆ. ಶೀಲ್ಡ್ ಇರುವ ಕೇಬಲ್ ಎಳೆದೆ. ಅಷ್ಟರಲ್ಲಿ ಮಾವ ಊರಲ್ಲಿಲ್ಲದ ಒಂದು ವಾರ ಮೋಟಾರ್ ನಿಂತಿತು, ಹಸಿರು ಬಟನ್ ಒತ್ತುವವರು ಇರಲಿಲ್ಲ. ಕೆಳಗಿನ ಸಾಲಿನ ಹೊಸ ಸಸಿಗಳು ಒಣಗಿದವು. ದೊಡ್ಡ ಮರಗಳಲ್ಲಿ ನಳ್ಳಿ (ಎಳೆಯ ಅಡಿಕೆ) ಉದುರಿತು. ಮಾವ ಬೈಯಲಿಲ್ಲ. ಪೆಟ್ಟಿಗೆ ಬಿಚ್ಚಿಸಿ, ಮೊದಲಿನ ಹಾಗೆ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟರು.

ಆಮೇಲೆ ಲ್ಯಾಪ್‌ಟಾಪ್ ಹಿಡಿದು ಪಂಪ್ ಶೆಡ್‌ನಲ್ಲಿ ಕುಳಿತು, ಪ್ರತಿ ಪಲ್ಸ್‌ನ ಅಂತರವನ್ನೂ ಮೈಕ್ರೊಸೆಕೆಂಡ್‌ನಲ್ಲಿ ಬರೆಸಿ ನೋಡಿದೆ. 6,690, 6,690 ಎಂದು ಸಾಲಾಗಿ ಬರುತ್ತಿತ್ತು. ನಡುವೆ ಒಮ್ಮೆ 72,226. ಅದರ ಕೆಳಗಿನ ಸಾಲಿನಲ್ಲಿ 429 ಕೋಟಿಗೂ ಮೀರಿದ ಒಂದು ಸಂಖ್ಯೆ. ಮತ್ತೆ 6,690. ಮೊದಲನೆಯದರಿಂದ 6,690 ಕಳೆಯಿರಿ. ಸರಿಯಾಗಿ 65,536. ಒಂದು ಪೂರ್ತಿ ಸುತ್ತು ಹೆಚ್ಚಾಗಿದೆ. ಮುಂದಿನ ಸಲ ಅದೇ ಸುತ್ತು ಕಡಿಮೆಯಾಗಿ, ಉತ್ತರ ಸೊನ್ನೆಗಿಂತ ಕೆಳಗೆ ಹೋಗಿ, ಚಿಹ್ನೆಯಿಲ್ಲದ 32 ಬಿಟ್‌ನಲ್ಲಿ ಆ ದೈತ್ಯ ಸಂಖ್ಯೆಯಾಗಿದೆ. ಮೋಟಾರ್ ನಿಲ್ಲಿಸಿದ್ದು ಅದೇ.

ಏನಾಗುತ್ತಿತ್ತು ಎಂದು ಬಿಡಿಸಿ ಹೇಳುತ್ತೇನೆ. ಇದನ್ನು ಓದದೆ ಮುಂದೆ ಹೋಗಬೇಡಿ. ಎಫ್103ರ ಟೈಮರ್ 2, 3, 4ರಲ್ಲಿ ಓವರ್‌ಫ್ಲೋಗೂ ಕ್ಯಾಪ್ಚರ್‌ಗೂ ಒಂದೇ ಇಂಟರಪ್ಟ್ ಫಂಕ್ಷನ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ಓಡುವ ಕೋಡ್). ಕೌಂಟರ್ 65,530ರಲ್ಲಿದ್ದಾಗ ಪಲ್ಸ್ ಬಂತು ಅನ್ನಿ. ಹಾರ್ಡ್‌ವೇರ್ ಆ ಸಂಖ್ಯೆಯನ್ನು ಸರಿಯಾಗಿಯೇ ಹಿಡಿದಿಟ್ಟಿತು. ಆದರೆ ಆ ಕ್ಷಣದಲ್ಲಿ ಪ್ರೊಸೆಸರ್ ಬೇರೊಂದು ಇಂಟರಪ್ಟ್‌ನಲ್ಲಿ ಸಿಕ್ಕಿಕೊಂಡಿದೆ. 6 ಮೈಕ್ರೊಸೆಕೆಂಡ್ ಕಳೆಯಿತು, ಕೌಂಟರ್ ಸುತ್ತು ಮುಗಿಸಿ ಸೊನ್ನೆಗೆ ಬಂತು. ಈಗ ನನ್ನ ಫಂಕ್ಷನ್ ಶುರುವಾಗುವಾಗ ಓವರ್‌ಫ್ಲೋ ಆಗಿದೆ, ಕ್ಯಾಪ್ಚರ್ ಆಗಿದೆ ಎಂದು ಹೇಳುವ ಎರಡೂ ಫ್ಲಾಗ್ ಎದ್ದಿವೆ. ನಾನು ಮೊದಲು ಓವರ್‌ಫ್ಲೋ ನೋಡಿ ಮೇಲಿನ ಭಾಗವನ್ನು ಒಂದು ಹೆಚ್ಚಿಸಿದೆ. ನಂತರ ಹಳೆಯ ಸುತ್ತಿನ 65,530 ಅನ್ನು ಈ ಹೊಸ ಸುತ್ತಿಗೆ ಜೋಡಿಸಿದೆ. ರಾತ್ರಿ 11:59ಕ್ಕೆ ಬಂದ ಫೋನನ್ನು 12 ಹೊಡೆದ ಮೇಲೆ ಡೈರಿಯಲ್ಲಿ ಬರೆಯುತ್ತಾ, ಹೊತ್ತು 11:59 ಎಂದೇ ಇಟ್ಟು ತಾರೀಖು ಮಾತ್ರ ಮರುದಿನದ್ದು ಹಾಕಿದ ಹಾಗೆ. ಲೆಕ್ಕ ತಪ್ಪುವುದು ಒಂದು ನಿಮಿಷವಲ್ಲ, ಇಡೀ ದಿನ.

ಮೇಜಿನ ಮೇಲೆ ಏಕೆ ಸಿಗಲಿಲ್ಲ? ಎಫ್103ರ ಒಳಗಿನ ಪ್ರೊಸೆಸರ್ ಕಾರ್ಟೆಕ್ಸ್-ಎಂ3 ಬಿಡುವಾಗಿದ್ದರೆ ಸುಮಾರು 12 ಕ್ಲಾಕ್‌ನಲ್ಲಿ ಇಂಟರಪ್ಟ್‌ಗೆ ಬರುತ್ತದೆ. 72 ಮೆಗಾಹರ್ಟ್ಸ್‌ನಲ್ಲಿ ಅದು ಒಂದು ಮೈಕ್ರೊಸೆಕೆಂಡಿನ ಆರನೇ ಒಂದು ಪಾಲು. ಅಷ್ಟು ಸಣ್ಣ ಸಂದಿಯಲ್ಲಿ ಪಲ್ಸ್ ಬೀಳುವುದು ಬಲು ಅಪರೂಪ. ತೋಟದಲ್ಲಿ ಜಿಎಸ್‌ಎಂನಿಂದ ಅಕ್ಷರ ಬಂದಾಗಲೆಲ್ಲ ನಾನು ಸೀರಿಯಲ್ ಇಂಟರಪ್ಟ್ ಒಳಗೇ ಎಸ್‌ಎಂಎಸ್ ಓದಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಆ ಹೊತ್ತಿಗೆ ಸಂದಿ ನೂರಾರು ಪಟ್ಟು ಅಗಲವಾಗುತ್ತಿತ್ತು. ಮಾವ ಹೇಳಿದ್ದು ನಿಜವೇ ಆಗಿತ್ತು. ಎಸ್‌ಎಂಎಸ್‌ಗೂ ಮೋಟಾರ್‌ಗೂ ಸಂಬಂಧವಿತ್ತು, ಕರೆಂಟಿನ ದಾರಿಯಿಂದಲ್ಲ ಅಷ್ಟೇ.

ಈಗ ನಿಮ್ಮ ಪ್ರಶ್ನೆ. ಎಫ್4ರಲ್ಲಿ ಟೈಮರ್ 2 ಮತ್ತು 5 ಪೂರ್ತಿ 32 ಬಿಟ್, ನಿಜ. 1 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 71 ನಿಮಿಷಕ್ಕೊಮ್ಮೆ ಸುತ್ತುತ್ತದೆ. ಅಂದರೆ ಸುತ್ತು ತಪ್ಪುವುದಿಲ್ಲ, ತಡವಾಗುತ್ತದೆ. ತಡವಾಗಿ ಬರುವ ತಪ್ಪನ್ನು ಹುಡುಕುವುದು ಇನ್ನೂ ಕಷ್ಟ. ಬೋಯಿಂಗ್ 787 ವಿಮಾನದ ಜನರೇಟರ್ ನಿಯಂತ್ರಣ ಘಟಕಗಳಲ್ಲಿ ಒಂದು ಸಾಫ್ಟ್‌ವೇರ್ ಕೌಂಟರ್ ಸತತ 248 ದಿನ ಓಡಿದ ಮೇಲೆ ಓವರ್‌ಫ್ಲೋ ಆಗುತ್ತದೆ ಎಂದು ಅಮೆರಿಕದ ವಿಮಾನಯಾನ ಇಲಾಖೆ 2015ರಲ್ಲಿ ಆದೇಶ ಹೊರಡಿಸಬೇಕಾಯಿತು. ಬಿಟ್ ಜಾಸ್ತಿ ಇದ್ದರೆ ಚಿಂತೆಯಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನಿಮಗೆ ಮೇಲಿನ 16 ಬಿಟ್ ಬೇಕಾಗಿಯೇ ಇಲ್ಲ. ನನಗೂ ಬೇಕಿರಲಿಲ್ಲ. ನೀರಿನ ಹರಿವಿಗೆ 1 ಮೈಕ್ರೊಸೆಕೆಂಡ್ ಯಾಕೆ? ಪ್ರಿಸ್ಕೇಲರ್‌ನಲ್ಲಿ 719 ಬರೆಯಿರಿ. ಚಿಪ್ ಅದಕ್ಕೆ ಒಂದು ಸೇರಿಸಿ 720ರಿಂದ ಭಾಗಿಸುತ್ತದೆ. ಒಂದು ಎಣಿಕೆಗೆ 10 ಮೈಕ್ರೊಸೆಕೆಂಡ್, ಒಂದು ಸುತ್ತಿಗೆ 655 ಮಿಲಿಸೆಕೆಂಡ್. 6,690 ಮೈಕ್ರೊಸೆಕೆಂಡ್ ಈಗ 669 ಎಣಿಕೆ. ಒಂದು ಎಣಿಕೆ ಆಚೀಚೆಯಾದರೂ ಶೇಕಡಾ 0.15. ಈ ಅಗ್ಗದ ಸೆನ್ಸರ್‌ನ ತಪ್ಪೇ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೊಸ ಕ್ಯಾಪ್ಚರ್‌ನಿಂದ ಹಳೆಯದನ್ನು ಕಳೆದು, ಉತ್ತರವನ್ನು ಚಿಹ್ನೆಯಿಲ್ಲದ 16 ಬಿಟ್‌ಗೆ ಕಾಸ್ಟ್ ಮಾಡಿ (ಆ ಪ್ರಕಾರಕ್ಕೆ ಬದಲಿಸಿ). ನಡುವೆ ಕೌಂಟರ್ ಒಮ್ಮೆ ಸುತ್ತಿದ್ದರೂ ಉತ್ತರ ಸರಿಯಾಗಿಯೇ ಬರುತ್ತದೆ, ಅಂತರ ಒಂದು ಸುತ್ತಿಗಿಂತ ಕಡಿಮೆ ಇದ್ದರೆ ಸಾಕು. ಕಾಸ್ಟ್ ಮರೆಯಬೇಡಿ. ಸಿ ಭಾಷೆ ಆ ಎರಡನ್ನೂ ಇಂಟ್ (ಚಿಹ್ನೆಯಿರುವ 32 ಬಿಟ್ ಸಂಖ್ಯೆ) ಮಾಡಿ ಕಳೆಯುತ್ತದೆ, ಕೌಂಟರ್ ಸುತ್ತಿದಾಗ ಉತ್ತರ ಮೈನಸ್ ಬರುತ್ತದೆ. ಓವರ್‌ಫ್ಲೋ ಇಂಟರಪ್ಟ್ ಇಟ್ಟುಕೊಳ್ಳಿ, ಆದರೆ ಒಂದೇ ಕೆಲಸಕ್ಕೆ: ಎರಡು ಓವರ್‌ಫ್ಲೋ ನಡುವೆ ಒಂದೂ ಪಲ್ಸ್ ಬರದಿದ್ದರೆ ನೀರು ನಿಂತಿದೆ.

ಇನ್ನೆಲ್ಲೋ ನಿಜಕ್ಕೂ ಉದ್ದದ ಲೆಕ್ಕ ಬೇಕಾದರೆ, ಎರಡೂ ಫ್ಲಾಗ್ ಎದ್ದಿರುವಾಗ ಕ್ಯಾಪ್ಚರ್ ಸಂಖ್ಯೆ ನೋಡಿ. 32,768 ಅಥವಾ ಅದಕ್ಕಿಂತ ದೊಡ್ಡದಿದ್ದರೆ ಅದು ಹಳೆಯ ಸುತ್ತಿನದು, ಚಿಕ್ಕದಿದ್ದರೆ ಹೊಸದರದು. ಸ್ಟೇಟಸ್ ರಿಜಿಸ್ಟರ್‌ನಲ್ಲಿ ಫ್ಲಾಗ್ ಇಳಿಸುವಾಗ ಅದನ್ನು ಓದಿ ಆಂಡ್ ಮಾಡಿ ಮರಳಿ ಬರೆಯುವ ದಾರಿ ಬೇಡ. ಆ ನಡುವೆ ಎದ್ದ ಇನ್ನೊಂದು ಫ್ಲಾಗ್ ಅಳಿಸಿಹೋಗುತ್ತದೆ. ಇಳಿಸಬೇಕಾದ ಬಿಟ್‌ಗೆ 0, ಉಳಿದ ಎಲ್ಲಕ್ಕೂ 1 ಇರುವ ಸಂಖ್ಯೆಯನ್ನು ನೇರವಾಗಿ ಬರೆಯಿರಿ. ಅಲ್ಲಿ 1 ಬರೆದರೆ ಏನೂ ಆಗುವುದಿಲ್ಲ.

ಯಾವ ದಾರಿ ಹಿಡಿದರೂ ತೋಟಕ್ಕೆ ಒಯ್ಯುವ ಮೊದಲು ಒಂದು ಪರೀಕ್ಷೆ ಮಾಡಿ. ಬೇರೊಂದು ಬೋರ್ಡಿನಿಂದ 150 ಹರ್ಟ್ಸ್ ಪಲ್ಸ್ ಕೊಡಿ. ಮೇನ್ ಲೂಪ್‌ನಲ್ಲಿ ಬೇಕೆಂದೇ ಆಗಾಗ 1 ಮಿಲಿಸೆಕೆಂಡ್ ಇಂಟರಪ್ಟ್ ಬಂದ್ ಮಾಡಿ ಬಿಡಿ. ಅಂತರ ಎಲ್ಲಾದರೂ ಜಿಗಿದರೆ ಮಾತ್ರ ಪ್ರಿಂಟ್ ಮಾಡಿಸಿ. ನನ್ನ ಹಳೆಯ ಕೋಡ್ ಈ ಪರೀಕ್ಷೆಯಲ್ಲಿ ಟೀ ಕುಡಿದು ಮುಗಿಸುವಷ್ಟರಲ್ಲಿ ಸಿಕ್ಕಿಬಿತ್ತು. ನಿಮ್ಮದೂ ಜಿಗಿದರೆ ಇಂಟರಪ್ಟ್ ಫಂಕ್ಷನ್ ಪೂರ್ತಿ ಇಲ್ಲಿ ಹಾಕಿ, ನೋಡುತ್ತೇನೆ.