ಇಲಿಗಳಲ್ಲಿ ನಾಲ್ಕು ತಿಂಗಳಿಗೆ ವಾಸಿಯಾದ ಕ್ಷಯಕ್ಕೆ ಮನುಷ್ಯರಿಗೇಕೆ ಆರು ತಿಂಗಳ ಔಷಧ?

ವಿಜಯಪುರದಲ್ಲಿ ಚಿಕಿತ್ಸೆ ಪಡೆಯುತ್ತಿರುವ ನಿಮ್ಮ ಚಿಕ್ಕಪ್ಪನವರ ವಿಷಯದಲ್ಲಿ ನೀವು ಕೇಳಿರುವ ಈ ಪ್ರಶ್ನೆ ಬಹಳ ಮುಖ್ಯವಾದದ್ದು.

ಕ್ಷಯದ ಔಷಧಗಳನ್ನು ಪರೀಕ್ಷಿಸಲು ವಿಜ್ಞಾನಿಗಳು ಇಲಿಗಳಿಗೆ ಉಸಿರಿನ ಮೂಲಕ ರೋಗಾಣು ತಗುಲಿಸಿ, ಗುಂಪು ಗುಂಪಿಗೆ ಬೇರೆ ಬೇರೆ ಔಷಧ ಸಂಯೋಜನೆಗಳನ್ನು ಕೊಟ್ಟು, ಶ್ವಾಸಕೋಶದಲ್ಲಿ ಉಳಿದಿರುವ ಜೀವಂತ ರೋಗಾಣುಗಳನ್ನು ಎಣಿಸುತ್ತಾರೆ. ಎಣಿಕೆ ಸೊನ್ನೆಯಾದರೆ ಸಾಲದು. ಔಷಧ ನಿಲ್ಲಿಸಿ ಸುಮಾರು ಮೂರು ತಿಂಗಳು ಕಾಯ್ದು, ರೋಗ ಮರುಕಳಿಸಿತೇ ಎಂದು ನೋಡುವುದೇ ನನ್ನ ದೃಷ್ಟಿಯಲ್ಲಿ ನಿಜವಾದ ಪರೀಕ್ಷೆ.

ಆರು ತಿಂಗಳ ಸಾಮಾನ್ಯ ಚಿಕಿತ್ಸೆಯಲ್ಲಿರುವ ಐಸೋನಿಯಾಜಿಡ್ ಎಂಬ ಔಷಧದ ಬದಲು ಮಾಕ್ಸಿಫ್ಲಾಕ್ಸಸಿನ್ ಎಂಬ ಇನ್ನೊಂದು ಔಷಧ ಕೊಟ್ಟಾಗ ಇಲಿಗಳಲ್ಲಿ ಚಿಕಿತ್ಸೆಯ ಅವಧಿ ನಾಲ್ಕು ತಿಂಗಳಿಗೆ ಇಳಿಯಿತು. ಆದರೆ ಇಂಥದೇ ನಾಲ್ಕು ತಿಂಗಳ ಚಿಕಿತ್ಸೆಯನ್ನು ಮನುಷ್ಯರಿಗೆ ಕೊಟ್ಟು ನೋಡಿದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಫದಿಂದ ರೋಗಾಣುಗಳು ಬೇಗ ಮರೆಯಾದರೂ, ರೋಗ ಮರುಕಳಿಸಿದವರ ಸಂಖ್ಯೆ ಹೆಚ್ಚಾಯಿತು. ಸಾಮಾನ್ಯವಾಗಿ ಬಳಸುವ ಬಾಲ್ಬ್ ಸಿ ತಳಿಯ ಇಲಿಗಳಲ್ಲಿ ರೋಗಾಣುಗಳು ಬಹುಪಾಲು ಜೀವಕೋಶಗಳ ಒಳಗೇ ಇರುತ್ತವೆ. ಮನುಷ್ಯರ ಶ್ವಾಸಕೋಶದಲ್ಲಾಗುವಂತೆ, ಸತ್ತ ಅಂಗಾಂಶವು ಗಿಣ್ಣಿನಂತೆ ತುಂಬಿದ ಗಂಟುಗಳು ಅವುಗಳಲ್ಲಿ ಆಗುವುದಿಲ್ಲ, ಮತ್ತು ಅಂಥ ಗಂಟಿನ ನಡುವಿಗೆ ಎಲ್ಲ ಔಷಧಗಳೂ ಸಮನಾಗಿ ಇಳಿಯುವುದಿಲ್ಲ. ಆದ್ದರಿಂದಲೇ ಈಗ ಅಂಥ ಗಂಟುಗಳಾಗುವ ಬೇರೆ ತಳಿಯ ಇಲಿಗಳನ್ನೂ ಬಳಸುತ್ತಾರೆ.

ಹಾಗೆಂದು ಇಲಿಗಳ ಪ್ರಯೋಗ ವ್ಯರ್ಥವಲ್ಲ. ಇಲಿಗಳಲ್ಲಿ ಮೊದಲು ಫಲ ತೋರಿದ್ದ, ರಿಫಾಪೆಂಟಿನ್ ಎಂಬ ಔಷಧ ಮತ್ತು ಮಾಕ್ಸಿಫ್ಲಾಕ್ಸಸಿನ್ ಒಳಗೊಂಡ ನಾಲ್ಕು ತಿಂಗಳ ಚಿಕಿತ್ಸೆ ಆರು ತಿಂಗಳದ್ದಕ್ಕೆ ಕಡಿಮೆಯಿಲ್ಲವೆಂದು 2021ರಲ್ಲಿ ಮನುಷ್ಯರಲ್ಲೇ ಸಾಬೀತಾಯಿತು. ಚಿಕ್ಕಪ್ಪನವರ ಔಷಧಗಳು ಬೇರೆಯಾಗಿದ್ದರೆ ಆ ಅವಧಿ ಅವರಿಗೆ ಅನ್ವಯಿಸುವುದಿಲ್ಲ. ಕೆಮ್ಮು ನಿಂತಿದ್ದರೂ ವೈದ್ಯರು ಹೇಳಿದಷ್ಟು ದಿನ ಅವರು ಔಷಧ ತೆಗೆದುಕೊಳ್ಳಲೇಬೇಕು.