ಪ್ರತಿಕ್ರಿಯೆ: ‘ಬಟಾಟೆ’ ತುಳು ಪದವಾ?

ಮಂಗಳೂರು ಕಡೆ ಆಲೂಗಡ್ಡೆಗೆ ಬಟಾಟೆ ಅಂತಾರಲ್ಲ, ಅದು ತುಳು ಪದವಾ ಎಂದು ಕೇಳಿದ್ದೀರಿ. ಅಲ್ಲ, ಅದರ ಮೂಲ ಕೆರಿಬಿಯನ್ ದ್ವೀಪಗಳು! ಅಲ್ಲಿನ ಟೈನೊ ಜನ ‘ಬಟಾಟ’ ಎನ್ನುತ್ತಿದ್ದದ್ದು ಸಿಹಿಗೆಣಸಿಗೆ. ಸ್ಪೇನಿನವರು ಅದನ್ನು ಕಲಿತರು, ಅವರಿಂದ ಪೋರ್ಚುಗೀಸರು. ಆಲೂಗಡ್ಡೆಯ ತವರೇ ಬೇರೆ, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ಅಲ್ಲಿ ಅದರ ಹೆಸರು ‘ಪಾಪ’. ಯುರೋಪಿನಲ್ಲಿ ಎರಡೂ ಹೆಸರು ಕಲಸಿಹೋಗಿ, ಗೆಣಸಿನ ಹೆಸರು ಆಲೂಗಡ್ಡೆಗೆ ಅಂಟಿಕೊಂಡಿತು. ಇಂಗ್ಲಿಷಿನ ಪೊಟ್ಯಾಟೊ ಹುಟ್ಟಿದ್ದೂ ಇದರಿಂದಲೇ. ನನಗಂತೂ ಈ ಅದಲುಬದಲೇ ಜಾಸ್ತಿ ಇಷ್ಟ.

1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರಿಂದ ಪದ ನಮ್ಮ ಕರಾವಳಿಗೆ ಬಂತು. ಅದಕ್ಕೇ ಕೊಂಕಣಿ, ಮರಾಠಿ, ಗುಜರಾತಿಯಲ್ಲೂ ಇದೆ. ಅನಾನಸ್ ಕೂಡ ಅವರೇ ತಂದ ಹೆಸರು. ಅದರ ಬೇರು ದಕ್ಷಿಣ ಅಮೆರಿಕದ ಟುಪಿ ಭಾಷೆಗಳಲ್ಲಿದೆ.